ಹಳೆಯ ಕಾರಿನ ಸಸ್ಪೆನ್ಷನ್‌ಗೆ ಬದಲಿ ಭಾಗ ಹುಡುಕಿದ ಬಗೆ

30 ವರ್ಷ ದಾಟಿದ ನನ್ನ ಕಾರಿನ ಹಿಂಬದಿಯಲ್ಲಿ ಸ್ಪ್ರಿಂಗ್‌ನ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಸೋರತೊಡಗಿದಾಗ, ಆ ಮಾದರಿಯ ಹೆಸರಿನಲ್ಲಿ ಬಿಡಿಭಾಗಗಳು ತಯಾರಾಗುವುದು ನಿಂತು ಬಹಳ ಕಾಲವಾಗಿತ್ತು. ಎಲ್ಲರೂ ಮಾಡುವಂತೆ ನಾನೂ ಹಳೆಯದನ್ನು ಬಿಚ್ಚಿ, ಪೂರ್ತಿ ಎಳೆದಾಗ ಅದು ಎಷ್ಟು ಉದ್ದವಿರುತ್ತದೆಂದು ಅಳೆದು, ಸುಮಾರು 520 ಮಿ.ಮೀ. ಬರುವ ಹೊಸ ಜೋಡಿಯೊಂದನ್ನು ತಂದು ಕೂರಿಸಿದೆ. ಕೆಲವೇ ವಾರಗಳಲ್ಲಿ, ದೊಡ್ಡ ಗುಂಡಿಗಳಲ್ಲಿ ಇಳಿದಾಗಲೆಲ್ಲ ಲೋಹಕ್ಕೆ ಲೋಹ ಬಡಿದ ಸದ್ದು ಕೇಳಿಸತೊಡಗಿತು. ಬಿಚ್ಚಿ ನೋಡಿದರೆ ಮೇಲಿನ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರಿನ ತುಂಡು) ಹರಿದಿತ್ತು, ಶಾಕ್‌ನ ತುದಿಯನ್ನು ಹಿಡಿದಿಡುವ ಬ್ರಾಕೆಟ್‌ನ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿತ್ತು.

ತಪ್ಪು ಹೊಸ ಭಾಗದ್ದಾಗಿರಲಿಲ್ಲ. ನಾನು ಅಳೆದಿದ್ದ ಹಳೆಯ ಶಾಕ್ ಕೂಡ ಹಿಂದೆ ಯಾರೋ ಕೈಗೆ ಸಿಕ್ಕಿದ್ದನ್ನು ತಂದು ಹಾಕಿದ್ದ ಬದಲಿ ಭಾಗವೇ ಆಗಿತ್ತೆಂಬುದು ಅದರ ಮೈಮೇಲಿನ ಸಂಖ್ಯೆಯನ್ನು ಉಜ್ಜಿ ಓದಿದಾಗ ತಿಳಿಯಿತು. ತಪ್ಪಾದ ಭಾಗಕ್ಕೆ ತಕ್ಕ ಜೋಡಿಯನ್ನೇ ನಾನು ಹುಡುಕಿ ತಂದಿದ್ದೆ. ಅಲ್ಲಿಂದ ಮುಂದೆ ಕಳಚಿದ ಭಾಗವನ್ನು ಅಳೆಯುವುದನ್ನು ಬಿಟ್ಟು, ಅದು ಕೂರುವ ಜಾಗವನ್ನು ಅಳೆಯತೊಡಗಿದೆ.

ಅದಕ್ಕಾಗಿ ಕಾರಿನ ಬಾಡಿಯನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಹಿಂಬದಿಯ ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು ಕಳಚಿ, ಬ್ರೇಕ್ ಪೈಪು ಎಳೆದುಕೊಳ್ಳದಂತೆ ನೋಡಿಕೊಂಡು, ಜ್ಯಾಕ್‌ನಿಂದ ಆಕ್ಸಲ್ಲನ್ನು ನಿಧಾನವಾಗಿ ಮೇಲೆತ್ತಿದೆ. ಆಕ್ಸಲ್ ಅತಿಯಾಗಿ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್‌ನ ರಬ್ಬರು ಚೆನ್ನಾಗಿ ಅದುಮಿಕೊಂಡಾಗ ಶಾಕ್ ಕೂರುವ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವಿನ ಅಂತರ 338 ಮಿ.ಮೀ. ಇತ್ತು, ಆಕ್ಸಲ್ ಪೂರ್ತಿ ಇಳಿದಾಗ 506 ಮಿ.ಮೀ. ಆಯಿತು. ಒಂದೇ ಚಕ್ರ ಮೇಲೇರಿ ಇನ್ನೊಂದು ಕೆಳಗಿಳಿದ ಸ್ಥಿತಿಯಲ್ಲೂ ಅಳೆದುಕೊಂಡೆ. ಓಡುವಾಗಿನ ಏಟಿಗೆ ರಬ್ಬರು ಇನ್ನಷ್ಟು ಕುಗ್ಗುವುದರಿಂದ ಎರಡೂ ತುದಿಗಳಲ್ಲಿ ಕನಿಷ್ಠ 10 ಮಿ.ಮೀ. ಬಿಡುವು ಇಟ್ಟುಕೊಂಡರೆ, ನನಗೆ ಬೇಕಾದ ಶಾಕ್ ಪೂರ್ತಿ ಒತ್ತಿ ಮುಚ್ಚಿದಾಗ 328ಕ್ಕಿಂತ ಗಿಡ್ಡವಾಗಿ, ಪೂರ್ತಿ ಎಳೆದು ತೆರೆದಾಗ 516ಕ್ಕಿಂತ ಉದ್ದವಾಗಿ ಇರಬೇಕಾಗಿತ್ತು. ನಾನು ಮೊದಲು ತಂದದ್ದು ಮುಚ್ಚಿದಾಗ 346 ಮಿ.ಮೀ. ಇತ್ತು. ಎಂದರೆ, ಬಂಪ್ ಸ್ಟಾಪ್ ತನ್ನ ಕೆಲಸ ಮುಗಿಸುವ ಮೊದಲೇ ಶಾಕ್‌ನ ಒಳಗಿನ ಪಿಸ್ಟನ್ ತಳ ಮುಟ್ಟುತ್ತಿತ್ತು, ಇಡೀ ಹೊಡೆತ ಬ್ರಾಕೆಟ್ಟಿಗೆ ಬೀಳುತ್ತಿತ್ತು.

ಅಳತೆ ಕೈಯಲ್ಲಿದ್ದ ಮೇಲೆ ಹುಡುಕಾಟದ ದಾರಿಯೇ ಬದಲಾಯಿತು. ಕಾರಿನ ಹೆಸರು ಹೇಳಿ ಕೇಳುವುದನ್ನು ಬಿಟ್ಟು, ತಯಾರಕರ ಕ್ಯಾಟಲಾಗ್‌ಗಳಲ್ಲಿ ಮುಚ್ಚಿದ ಉದ್ದ, ತೆರೆದ ಉದ್ದ ಮತ್ತು ತುದಿಯ ಬಗೆ ಈ ಮೂರನ್ನೇ ಹಿಡಿದು ಹುಡುಕಿದೆ. 322 ಮತ್ತು 518 ಮಿ.ಮೀ. ಅಳತೆಯ ಜೋಡಿಯೊಂದು ಬೇರೊಂದು ಕಾರಿನ ಹೆಸರಿನಲ್ಲಿ ಸಿಕ್ಕಿತು. ಆ ಕಾರಿನ ಹಿಂಬದಿಯ ಭಾರವೂ ಶಾಕ್ ನಿಂತಿರುವ ರೀತಿಯೂ ನನ್ನ ಕಾರಿಗೆ ಹತ್ತಿರವಾಗಿದ್ದುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೊಂಡೆ. ಏಕೆಂದರೆ ಉದ್ದ ಹೊಂದಿದರೂ ಬಿಗಿ ಹೊಂದಬೇಕೆಂದಿಲ್ಲ: ಚಕ್ರವನ್ನು ಬಾಡಿಗೆ ಜೋಡಿಸುವ ತೋಳಿನ ನಡುವೆ ನಿಂತ ಶಾಕ್‌ನ ತಡೆ ಚಕ್ರದ ಬಳಿಗೆ ಬರುವಾಗ ಕಾಲು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಅಂಥ ಕಾರಿಗೆಂದು ಮಾಡಿದ್ದನ್ನು ಚಕ್ರದ ಪಕ್ಕದಲ್ಲೇ ನಿಲ್ಲಿಸಿದರೆ ಕಾರು ಕಲ್ಲಿನಂತೆ ಬಿಗಿಯುತ್ತದೆ. ಹೊಸ ಶಾಕ್‌ನ ತುದಿಯಲ್ಲಿ ಬೋಲ್ಟು ತೂರುವ ಕಣ್ಣಿನ ತೂತು 12 ಮಿ.ಮೀ., ನನ್ನ ಬೋಲ್ಟು 10 ಮಿ.ಮೀ. ಇದ್ದುದರಿಂದ ಲೇತ್‌ನಲ್ಲಿ ಆ ಸಂದು ತುಂಬುವ ತೆಳು ಉಕ್ಕಿನ ಕೊಳವೆಗಳನ್ನು (ಸ್ಲೀವ್) ಮಾಡಿಸಿದೆ. ಈ ಬಗೆಯ ತಿದ್ದುಪಡಿಗೆ ನನ್ನ ಅಭ್ಯಂತರವಿಲ್ಲ.

ಸ್ಪ್ರಿಂಗ್‌ನ ವಿಷಯದಲ್ಲಿ ಹೇಳಬೇಕಾದದ್ದು ಒಂದೇ. ಸುರುಳಿಯ ತಂತಿ ಎಷ್ಟು ದಪ್ಪವಿದೆ ಎಂಬುದನ್ನು ಬಣ್ಣ ಕೆರೆದು, ವರ್ನಿಯರ್ ಕ್ಯಾಲಿಪರ್‌ನಿಂದಲೇ ಅಳೆಯಬೇಕು. ಬಿಗಿಯು ತಂತಿಯ ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ, ಉಳಿದೆಲ್ಲ ಅಳತೆ ಅದೇ ಇದ್ದು 12 ಮಿ.ಮೀ. ತಂತಿಯ ಬದಲು 12.5 ಬಂದರೆ ಸ್ಪ್ರಿಂಗ್ ಸುಮಾರು 18 ಪ್ರತಿಶತ ಬಿಗಿಯಾಗುತ್ತದೆ. 13 ಬಂದರೆ 38 ಪ್ರತಿಶತ.

ಮುಂಬದಿಯಲ್ಲಿ ಚಕ್ರವನ್ನು ಬಾಡಿಗೆ ಜೋಡಿಸುವ ತೋಳಾದ ಕಂಟ್ರೋಲ್ ಆರ್ಮ್‌ನ ಬುಷ್‌ಗಳಿಗೆ ಮಾತ್ರ ಎಂದೋ ತಯಾರಾಗಿ ಪೆಟ್ಟಿಗೆ ಬಿಚ್ಚದೆ ಉಳಿದಿದ್ದ ಮೂಲ ಭಾಗಗಳೇ ದೊರೆತವು, ಅದಕ್ಕೆ ಹಿಗ್ಗಿದ್ದೂ ವ್ಯರ್ಥವಾಯಿತು. ಬಳಸದೆ ಇಟ್ಟರೂ ರಬ್ಬರು ಮುಪ್ಪಾಗುತ್ತದೆ. ಬೆರಳಲ್ಲಿ ಬಾಗಿಸಿದಾಗ ಅಂಚಿನಲ್ಲಿ ಬಿರುಕು ಬಿಟ್ಟಿತು. ಕೊನೆಗೆ ಆರ್ಮ್‌ನ ತೂತನ್ನೂ ಬೋಲ್ಟನ್ನೂ ಅಳೆದು, ಬೇರೆ ಕಾರಿನ ಹೊಸ ಬುಷ್‌ಗಳನ್ನೇ ಹಾಕಿ, ಕಾರು ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದೆ. ಜ್ಯಾಕ್‌ನ ಮೇಲಿದ್ದಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ.

ಮುಂದಿನ ಚಕ್ರವನ್ನು ಆರ್ಮ್‌ಗೆ ಸೇರಿಸುವ ಗುಂಡುಕೀಲಾದ ಬಾಲ್ ಜಾಯಿಂಟ್‌ನಲ್ಲಿ ನಾನು ಯಾವ ಸಾಹಸಕ್ಕೂ ಇಳಿಯಲಿಲ್ಲ. ತಿರುಪಿನ ಥ್ರೆಡ್ಡೂ ಉದ್ದವೂ ಸರಿಯಾಗಿ ಹೊಂದಿದ್ದ ಒಂದರ ಶಂಕುವಿನಾಕಾರದ ಕಡ್ಡಿಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ ತೂತಿನಲ್ಲಿ ಕೂರಿಸಿ ತೆಗೆದಾಗ, ಗುರುತು ದಪ್ಪ ತುದಿಯಲ್ಲಿ ಮಾತ್ರ ಒಂದು ಉಂಗುರದಂತೆ ಮೂಡಿತ್ತು. ಅಂದರೆ ಇಳಿಜಾರಿನ ಕೋನ ಬೇರೆ. ಅದನ್ನು ಹಿಂದಿರುಗಿಸಿದೆ. ತೂತನ್ನು ಕೊರೆದು ಹೊಂದಿಸಿಕೊಡುತ್ತೇನೆಂದ ಮೆಕ್ಯಾನಿಕ್‌ಗೆ ಬೇಡವೆಂದೆ. ಇಡೀ ಚಕ್ರವನ್ನು ಹಿಡಿದು ನಿಲ್ಲಿಸುವ ಕೀಲು ಅದು. ಅದೇ ತಯಾರಕರು ಅದೇ ಕಾಲದಲ್ಲಿ ಮಾಡಿದ ಇನ್ನೊಂದು ವಾಹನದಲ್ಲಿ ಇದೇ ಜಾಯಿಂಟ್ ಬೇರೆ ಸಂಖ್ಯೆಯಲ್ಲಿ ಇರುವುದು ಪತ್ತೆಯಾಗುವವರೆಗೆ ಕಾರು ನಿಂತೇ ಇತ್ತು.

ಬಿರುಕು ಬಿಟ್ಟಿದ್ದ ಬ್ರಾಕೆಟ್‌ನ ಬೆಸುಗೆ ಸರಿಪಡಿಸಿ, ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ ಬಳಿಕ ಹಿಂದಿನ ಶಾಕ್‌ಗಳ ಕಡ್ಡಿಗೆ ಒಂದೊಂದು ಪ್ಲಾಸ್ಟಿಕ್ ಟೈ ಬಿಗಿದು, ಕಾರಿನಲ್ಲಿ ಐದು ಜನ ಕುಳಿತು ಕೆಟ್ಟ ರಸ್ತೆಯಲ್ಲಿ ಓಡಿಸಿದೆವು. ಕಡ್ಡಿ ಒಳಹೋದಷ್ಟೂ ಟೈ ಜಾರುತ್ತದೆ, ಹೊರಬರುವಾಗ ಜಾರಿದಲ್ಲೇ ಉಳಿಯುತ್ತದೆ. ಹಿಂದಿರುಗಿ ಅಳೆದಾಗ ಎಡಗಡೆಯ ಟೈ, ಕಡ್ಡಿ ಪೂರ್ತಿ ಒಳಹೋಗುವ ಕೊನೆಯ ಮಿತಿಗಿಂತ 21 ಮಿ.ಮೀ. ಹಿಂದೆ, ಬಲಗಡೆಯದು 23 ಮಿ.ಮೀ. ಹಿಂದೆ ನಿಂತಿತ್ತು.