ಬೂಸ್ಟರ್ ಸೀಟು ಕೊಳ್ಳುವ ಮೊದಲು: ಮಗುವಿನ ಎತ್ತರ, ಕಾರಿನ ಬಕಲ್

ಕಾರಿನ ಸೀಟ್ ಬೆಲ್ಟು ದೊಡ್ಡವರ ಅಳತೆಗೆ ಮಾಡಿದ್ದು. ಅದು ಮಗುವಿನ ಮೈಮೇಲೆ ಸರಿಯಾದ ಜಾಗದಲ್ಲಿ ಬೀಳುವಂತೆ ಎತ್ತಿ ಕೂರಿಸುವುದೊಂದೇ ಬೂಸ್ಟರಿನ ಕೆಲಸ. ಅಪಘಾತವಾದರೆ ಮಗುವನ್ನು ಹಿಡಿಯುವುದು ಬೆಲ್ಟೇ. ಹಾಗಾಗಿ ಪಕ್ಕದ ಫ್ಲ್ಯಾಟಿನವರ ಕಾರಿನಲ್ಲಿ ಚೆನ್ನಾಗಿ ಕೂರುವ ಸೀಟು ನಿಮ್ಮ ಕಾರಿಗೆ ಹೊಂದದೇ ಇರಬಹುದು.

ಅಂಗಡಿಯವರು ವಯಸ್ಸು ಕೇಳುತ್ತಾರೆ. ನೀವು ಎತ್ತರ, ತೂಕ ಹೇಳಿ. ಚಪ್ಪಲಿ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ ಅಳೆಯಿರಿ. 4 ವರ್ಷ ತುಂಬಿರಬೇಕು, 15 ಕಿಲೋ ದಾಟಿರಬೇಕು, 100 ಸೆಂ.ಮೀ. ಎತ್ತರ ಇರಬೇಕು. ಇವಿಷ್ಟೂ ಇದ್ದರೂ, ಐದು ಪಟ್ಟಿಯ ಹಾರ್ನೆಸ್ ಇರುವ ಹಳೆಯ ಸೀಟು ಇನ್ನೂ ಹಿಡಿಸುತ್ತಿದ್ದರೆ ಅದರಲ್ಲೇ ಮುಂದುವರಿಸಿ, ಅವಸರ ಬೇಡ. ಬೆಲ್ಟಿನೊಳಗಿಂದ ನುಸುಳಿ ಕಿಟಕಿಗೆ ಏರುವ ಮಗುವಿಗೆ ಬೂಸ್ಟರಿನಿಂದ ಉಪಯೋಗವಿಲ್ಲ.

ಬೆನ್ನಿರುವುದೋ ಇಲ್ಲದ್ದೋ? ಡೊಂಬಿವ್ಲಿಯಿಂದ ಮಂಗಳೂರಿಗೆ, ಪುಣೆಯಿಂದ ಹುಬ್ಬಳ್ಳಿಗೆ ಹೊರಟ ಮಕ್ಕಳು ಅರ್ಧ ದಾರಿ ನಿದ್ದೆಯಲ್ಲೇ ಕಳೆಯುತ್ತಾರೆ. ನಿದ್ದೆಯಲ್ಲಿ ವಾಲಿದ ಮೈಯಿಂದ ಬೆಲ್ಟು ಜಾರುತ್ತದೆ. ಆದ್ದರಿಂದ ಬೆನ್ನು ಮತ್ತು ತಲೆಯ ಬದಿಗೆ ಆಸರೆ ಇರುವುದನ್ನೇ ಕೊಳ್ಳಿ. ಬೆನ್ನಿಲ್ಲದ್ದು 125 ಸೆಂ.ಮೀ. ದಾಟಿದವರಿಗೆ ಮಾತ್ರ, ಅದೂ ಕಾರಿನ ಹೆಡ್‌ರೆಸ್ಟ್ ಮಗುವಿನ ಕಿವಿಯ ಎತ್ತರಕ್ಕೆ ಬರುವಂತಿದ್ದರೆ. ಲೇಬಲ್ಲಿನಲ್ಲಿ ಭಾರತದ ಎಐಎಸ್-072 ಅಥವಾ ಯುರೋಪಿನ ಆರ್44, ಆರ್129 ಸುರಕ್ಷತಾ ಮಾನದಂಡದ ಮಾನ್ಯತೆ ಇರಬೇಕು. ದಿಂಬು ಇಟ್ಟು ಕೂರಿಸುವುದು ಬೂಸ್ಟರ್ ಅಲ್ಲ. ಬ್ರೇಕ್ ಹಾಕಿದೊಡನೆ ದಿಂಬು ಅದುಮಿಕೊಂಡು ಜಾರುತ್ತದೆ, ಮಗು ಬೆಲ್ಟಿನ ಕೆಳಗೆ ಹೋಗುತ್ತದೆ.

ಇನ್ನು ಕಾರು. ಹೆಚ್ಚಿನವರು ಎಡವುವುದು ಇಲ್ಲೇ. ಹಿಂದಿನ ಸೀಟಿನಲ್ಲಿ ಭುಜಕ್ಕೂ ಸೊಂಟಕ್ಕೂ ಬರುವ ಮೂರು ಬಿಂದುವಿನ ಬೆಲ್ಟು ಇರುವ ಜಾಗವನ್ನೇ ಆರಿಸಿ. ಹಳೆಯ ಕಾರುಗಳ ನಡುಸೀಟಿಗೆ ಬರೀ ಸೊಂಟದ ಪಟ್ಟಿ ಇರುತ್ತದೆ, ಅಲ್ಲಿ ಬೂಸ್ಟರ್ ಇಡಲೇಬಾರದು. ಬಳಿಕ ಬಕಲ್ ನೋಡಿ. ಸಣ್ಣ ಕಾರುಗಳಲ್ಲಿ ಅಗಲವಾದ ಬೂಸ್ಟರ್ ಇಟ್ಟರೆ ಬಕಲ್ ಅದರಡಿ ಸಿಕ್ಕಿಕೊಳ್ಳುತ್ತದೆ. ಆಗ ಬೆಲ್ಟಿನ ನಾಲಿಗೆ, ಅಂದರೆ ಬಕಲಿಗೆ ತೂರಿಸುವ ಲೋಹದ ತುದಿ, ಅರ್ಧವೇ ಕೂತು ಪೂರ್ತಿ ಕೂತಂತೆ ಕಾಣುತ್ತದೆ. ಹೊರಗಿನಿಂದ ಹಾಕಿಸಿದ ಸೀಟ್ ಕವರು ಬಕಲನ್ನು ಮುಚ್ಚಿದ್ದರೆ ಅಲ್ಲಿ ಕತ್ತರಿಸಿ ಹೊರಗೆ ತೆಗೆಸಿ. ಬೆಲ್ಟನ್ನು ಉದ್ದ ಮಾಡುವ ಎಕ್ಸ್‌ಟೆಂಡರ್ ಹಾಕಿ ಸರಿಮಾಡಲು ಹೋಗಬೇಡಿ, ತಳ ಕಿರಿದಾದ ಬೂಸ್ಟರನ್ನೇ ಹುಡುಕಿ. ಕಾರಿನ ಹೆಡ್‌ರೆಸ್ಟ್ ಬೂಸ್ಟರಿನ ಬೆನ್ನನ್ನು ಮುಂದಕ್ಕೆ ತಳ್ಳುತ್ತಿದ್ದರೆ, ಅದನ್ನು ಎತ್ತಬಹುದೇ, ತೆಗೆಯಬಹುದೇ ಎಂದು ಎರಡೂ ಕೈಪಿಡಿಗಳಲ್ಲಿ ನೋಡಿ.

ಹಣ ಕೊಡುವ ಮೊದಲು ಮಗುವನ್ನು ಕೂರಿಸಿಯೇ ನೋಡಬೇಕು. ಆನ್‌ಲೈನಿನಲ್ಲಾದರೆ ಹಿಂದಿರುಗಿಸುವ ಅವಕಾಶ ಇರುವುದನ್ನೇ ತರಿಸಿ. ಸೊಂಟದ ಪಟ್ಟಿ ತೊಡೆಯ ಬುಡಕ್ಕೆ, ಸೊಂಟದ ಮೂಳೆಯ ಮೇಲೆ ಒತ್ತಿ ಕೂರಬೇಕು. ಹೊಟ್ಟೆಯ ಮೇಲಿದ್ದರೆ ಡಿಕ್ಕಿಯಲ್ಲಿ ಕರುಳಿಗೂ ಬೆನ್ನುಮೂಳೆಗೂ ಪೆಟ್ಟು. ಭುಜದ ಪಟ್ಟಿ ಕುತ್ತಿಗೆಗೂ ತಾಗಬಾರದು, ತೋಳಿಗೂ ಜಾರಬಾರದು, ನಡುಭುಜದಲ್ಲಿರಬೇಕು. ಬೂಸ್ಟರಿನಲ್ಲಿ ಭುಜದ ಪಟ್ಟಿ ಹಾಯುವ ಗೈಡ್ ಭುಜದ ಮಟ್ಟದಲ್ಲೋ ಸ್ವಲ್ಪ ಮೇಲೋ ನಿಲ್ಲುವಂತೆ ತಲೆಯಾಸರೆ ಹೊಂದಿಸಿ. ಈಗ ಮಗುವಿಗೆ ಮುಂದೆ ಬಗ್ಗಿ ಹಿಂದೆ ಒರಗಲು ಹೇಳಿ. ಬೆಲ್ಟು ತಾನಾಗಿಯೇ ಸುತ್ತಿಕೊಳ್ಳಬೇಕು. ಗೈಡಿನಲ್ಲಿ ಸಿಕ್ಕಿ ಸಡಿಲವಾಗಿ ಉಳಿದರೆ ಆ ಸೀಟು ನಿಮ್ಮ ಕಾರಿಗೆ ಬೇಡ. ಮಳೆಗಾಲದಲ್ಲಿ ರೇನ್‌ಕೋಟ್ ತೆಗೆಸಿಯೇ ಬೆಲ್ಟು ಹಾಕಿ. ಕುತ್ತಿಗೆಗೆ ಉಜ್ಜುತ್ತದೆಂದು ಪಟ್ಟಿಯನ್ನು ಕಂಕುಳ ಕೆಳಗೆ ಹಾಯಿಸುವ ಉಪಾಯ ಬಹಳ ಮನೆಗಳಲ್ಲಿದೆ, ಅಪಾಯಕಾರಿ.

ಕಾರಿನ ಸೀಟಿನಲ್ಲಿರುವ ಲೋಹದ ಕಂಬಿಗೆ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಇದ್ದರೆ ಬೂಸ್ಟರ್ ಅಲುಗಾಡದೆ ಕೂರುತ್ತದೆ; ಆದರೂ ಮಗುವಿಗೆ ಬೆಲ್ಟು ಬೇಕೇ ಬೇಕು. ಕೊಂಡಿ ಇಲ್ಲದ್ದಾದರೆ ಮಗು ಇಲ್ಲದಾಗಲೂ ಬೆಲ್ಟು ಹಾಕಿಡಿ. ಇಲ್ಲವಾದರೆ ಘಾಟಿಯ ತಿರುವಿನಲ್ಲಿ, ಬ್ರೇಕಿನಲ್ಲಿ ಮುಂದಿನವರ ತಲೆಗೆ ಹಾರುತ್ತದೆ. ಟ್ಯಾಕ್ಸಿ ಬುಕ್ ಮಾಡಿದಾಗ ಹಿಂದಿನ ಬಕಲ್ ಹೊರಗಿದೆಯೇ ಎಂದು ಚಾಲಕರಿಗೆ ಫೋನಿನಲ್ಲೇ ಕೇಳಿ.

ಕಾನೂನು ಚುಟುಕಾಗಿ: 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 1,000 ರೂಪಾಯಿ ದಂಡ. ಬೂಸ್ಟರ್ ಬಿಡುವುದು ವಯಸ್ಸು ನೋಡಿ ಅಲ್ಲ: ಬೆನ್ನು ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಎರಡೂ ಪಟ್ಟಿ ಮೇಲೆ ಹೇಳಿದ ಜಾಗದಲ್ಲೇ ಕೂರಬೇಕು. ಸಾಮಾನ್ಯವಾಗಿ 145ರಿಂದ 150 ಸೆಂ.ಮೀ.ಗೆ ಇದು ಬರುತ್ತದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಬೂಸ್ಟರ್, ಡಿಕ್ಕಿಯಾದ ಕಾರಿನಲ್ಲಿ ಇತ್ತೋ ಇಲ್ಲವೋ ಖಾತ್ರಿಯಾಗದಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ.