ಬ್ರಾಯ್ಲರ್ ಆಹಾರದಲ್ಲಿ ಮೆಕ್ಕೆಜೋಳದ ಬದಲು ಬಿಳಿಜೋಳ

ಮೆಕ್ಕೆಜೋಳದ ದರ ಏರಿದಾಗ, 1 ಟನ್ ಆಹಾರಕ್ಕೆ ಹಾಕುವ ಮೆಕ್ಕೆಜೋಳದಲ್ಲಿ 200 ಕೆಜಿ ತೆಗೆದು ಬಿಳಿಜೋಳ ಹಾಕಬಹುದು. ಮೊದಲು ಬಿಳಿಜೋಳದಲ್ಲಿ ಟ್ಯಾನಿನ್ (ಕಾಳಿನ ಒಗರು ಅಂಶ) ಇದೆಯೇ ಎಂದು ಪರೀಕ್ಷೆ ಮಾಡಿ: ಕೈಗವಸು ಹಾಕಿ, 100 ಮಿಲೀ ಬ್ಲೀಚ್ ದ್ರಾವಣದಲ್ಲಿ 5 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಒಂದು ಹಿಡಿ ಕಾಳನ್ನು 20 ನಿಮಿಷ ನೆನೆಸಿ ತೊಳೆಯಿರಿ. ಕಾಳು ಬೆಳ್ಳಗೇ ಉಳಿದರೆ ಸರಿ. ಪೂರ್ತಿ ಕಪ್ಪಾದರೆ ಆ ಲಾಟ್ ಬೇಡ, ಟ್ಯಾನಿನ್ ಪ್ರೊಟೀನನ್ನು ಹಿಡಿದಿಟ್ಟುಕೊಂಡು ಜೀರ್ಣವಾಗಲು ಬಿಡುವುದಿಲ್ಲ. ಮಳೆಗೆ ಸಿಕ್ಕಿ ಬೂಸ್ಟು ಹಿಡಿದದ್ದೂ ಬೇಡ, ಎಷ್ಟೇ ಅಗ್ಗವಿರಲಿ.

ಶಕ್ತಿಯ ಕೊರತೆ ತುಂಬಲು 3–4 ಕೆಜಿ ಎಣ್ಣೆ ಹೆಚ್ಚಿಸಿ. ಜೋಳಕ್ಕೆ ಮುಖ್ಯ ಕಿಣ್ವ ಫೈಟೇಸ್, ಅದು ಕಾಳಿನಲ್ಲಿ ಸಿಕ್ಕಿಕೊಂಡಿರುವ ರಂಜಕವನ್ನು ಕೋಳಿಗೆ ಸಿಗುವಂತೆ ಬಿಡಿಸುತ್ತದೆ. ಜೈಲನೇಸ್ (ನಾರನ್ನು ಒಡೆಯುವ ಕಿಣ್ವ) ಗೋಧಿಗೆ ಹೆಚ್ಚು ಉಪಯುಕ್ತ. ಫೈಟೇಸ್ ಗ್ರಾಂಗೆ 5000 ಯೂನಿಟ್‌ನದಾದರೆ ಟನ್‌ಗೆ 100 ಗ್ರಾಂ ಸಾಕು. ಅದನ್ನು ನೇರವಾಗಿ ಮಿಕ್ಸರ್‌ಗೆ ಸುರಿದರೆ ಒಂದೇ ಕಡೆ ಉಳಿಯುತ್ತದೆ. ಮೊದಲು 5 ಕೆಜಿ ಹಿಟ್ಟಿನಲ್ಲಿ ಬೆರೆಸಿಕೊಳ್ಳಿ. ರಂಜಕಕ್ಕಾಗಿ ಹಾಕುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಸುಮಾರು 5 ಕೆಜಿ ಇಳಿಸಬಹುದು, ಆದರೆ ಆ ಜಾಗಕ್ಕೆ ಸುಣ್ಣದ ಕಲ್ಲಿನ ಪುಡಿ ತುಂಬಬೇಡಿ: ಕ್ಯಾಲ್ಸಿಯಂ ಹೆಚ್ಚಾದರೆ ಫೈಟೇಸ್ ಮಂಕಾಗುತ್ತದೆ. ಆಹಾರವನ್ನು ಬಿಸಿ ಮಾಡಿ ಪೆಲೆಟ್ (ಗುಳಿಗೆ) ಮಾಡುವವರು ಶಾಖ ತಾಳುವ ಫೈಟೇಸನ್ನೇ ಕೊಳ್ಳಬೇಕು.

ಕಾಲು, ಚರ್ಮದ ಹಳದಿ ಬಣ್ಣ ಸ್ವಲ್ಪ ತಗ್ಗುತ್ತದೆ. ಅದು ರೋಗವಲ್ಲ, ಜೋಳದಲ್ಲಿ ಆ ವರ್ಣದ್ರವ್ಯ ಕಡಿಮೆ ಅಷ್ಟೆ.