ಸೈಕಸ್ ಮರಿಗೆ ಬೇರು ಬರಿಸುವುದು: ನನ್ನ ಅನುಭವ

ನರ್ಸರಿಗಳಲ್ಲಿ ಸಾಗೋ ಪಾಮ್ ಅಂತ ಕರೆಯುವ ಸೈಕಸ್ ರೆವೊಲ್ಯೂಟಾ ತಾಳೆ ಜಾತಿಗೆ ಸೇರಿದ್ದಲ್ಲ. ಹೂ ಬಿಡದೆ, ಅದರ ಬದಲು ಕೋನ್ ಅನ್ನುವ ಸಂತಾನಾಂಗ ಬಿಡುವ, ತೀರಾ ನಿಧಾನಕ್ಕೆ ಬೆಳೆಯುವ ಗಿಡ. ಬೀಜದ ಸಸಿ ಗಂಡೋ ಹೆಣ್ಣೋ ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಬುಡದಲ್ಲಿ ಬರುವ ಮರಿ ಹಾಗಲ್ಲ, ತಾಯಿಯ ಗುಣವನ್ನೇ ಹೊತ್ತು ಬರುತ್ತದೆ. ಅದಕ್ಕೇ ನಾನು ಮರಿಗಳನ್ನೇ ನೆಚ್ಚಿಕೊಂಡೆ.

ತಾಯಿಗಿಡ ಹೊಸ ಸುಳಿ ಬಿಡುವ ಮುಂಚೆ ಮರಿ ತೆಗೆಯುತ್ತೇನೆ. ಮುಷ್ಟಿ ಗಾತ್ರಕ್ಕಿಂತ ಸಣ್ಣದನ್ನು ಮುಟ್ಟುವುದಿಲ್ಲ. ಬುಡದ ಮಣ್ಣು ಬಿಡಿಸಿದರೆ ಮರಿ ತಾಯಿಗೆ ಅಂಟಿಕೊಂಡಿರುವ ಕುತ್ತಿಗೆ ಕಾಣುತ್ತದೆ. ಅಲ್ಲಿಗೆ ಹರಿತವಾದ ಉಳಿ ಇಟ್ಟು ಒಂದೇ ಏಟಿಗೆ ಬಿಡಿಸಿದರೆ ಗಾಯ ಚಿಕ್ಕದಾಗುತ್ತದೆ. ಆಮೇಲೆ ಗರಿಗಳನ್ನೆಲ್ಲ ಬುಡಕ್ಕೆ ಕತ್ತರಿಸಿಬಿಡುತ್ತೇನೆ. ಬೇರಿಲ್ಲದ ಮರಿಯ ಗಡ್ಡೆ ಗರಿಗೆ ನೀರು ಒದಗಿಸಲಾರದು. ಈ ಗಿಡದ ಎಲ್ಲ ಭಾಗವೂ ವಿಷ, ಆದ್ದರಿಂದ ಕತ್ತರಿಸಿದ್ದನ್ನು ನಾಯಿ, ದನಗಳ ಬಾಯಿಗೆ ಸಿಗದ ಹಾಗೆ ಹೂಳಲೇಬೇಕು.

ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಪುಡಿ ಸವರಿ, ಗಾಳಿಯಾಡುವ ನೆರಳಲ್ಲಿ ಒಂದೆರಡು ವಾರ ಒಣಗಲು ಬಿಡುತ್ತೇನೆ. ಗಾಯದ ಮೇಲೆ ಬೆರಳಾಡಿಸಿದರೆ ಒಣ ತೊಗಟೆಯ ಹಾಗೆ ಗಟ್ಟಿಯಾಗಿ ಸಿಗಬೇಕು. ತೇವ ಅಂಟುತ್ತಿದ್ದರೆ ಇನ್ನಷ್ಟು ದಿನ ಹೋಗಲಿ. ಮರಿ ಉಳಿಯುವುದು ಇಲ್ಲವೇ ಕೊಳೆಯುವುದು ಬಹುಪಾಲು ಈ ಹಂತದಲ್ಲೇ ತೀರ್ಮಾನವಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನೆಡಲು ದಪ್ಪ ಮರಳೇ ಹೆಚ್ಚು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸ್ವಲ್ಪ. ಗೊಬ್ಬರ ಬೇಡ. ಗಡ್ಡೆ ಅರ್ಧ ಮಾತ್ರ ಮುಚ್ಚಬೇಕು, ಸುಳಿ ಮೇಲೇ ಇರಬೇಕು. ನೆಟ್ಟಾಗ ಒಮ್ಮೆ ಚೆನ್ನಾಗಿ ನೀರು ಕೊಟ್ಟರೆ, ಮತ್ತೆ ನೀರು ಮರಳು ಒಣಗಿದ ಮೇಲೇ.

ಬೇರು ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಎಳೆ ಗರಿ ಬಿಟ್ಟಿತು ಅಂದರೆ ಬೇರು ಬಂತು ಅಂತ ಅರ್ಥವಲ್ಲ. ಗಡ್ಡೆಯಲ್ಲಿ ಕೂಡಿಟ್ಟ ಪಿಷ್ಟದಿಂದಲೇ ಅದು ಗರಿ ಬಿಡಬಲ್ಲದು. ಆ ಹಸಿರು ನೋಡಿ ನೀರು ಹೆಚ್ಚಿಸಿದರೆ ಗಡ್ಡೆ ಕೆಳಗಿನಿಂದ ಕೊಳೆಯುತ್ತದೆ. ನಾನು ಗರಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಗಡ್ಡೆಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಮರಳು ಎದುರು ಹಿಡಿದರೆ ಬೇರು ಇಳಿದಿದೆ. ಸಲೀಸಾಗಿ ಅಲ್ಲಾಡಿದರೆ ಹೆಬ್ಬೆರಳಿಂದ ಒತ್ತಿ ನೋಡುತ್ತೇನೆ: ಗಟ್ಟಿಯಿದ್ದರೆ ಕಾಯಬಹುದು, ಮೆತ್ತಗಾಗಿದ್ದರೆ ಕಿತ್ತು, ಕೊಳೆತ ಭಾಗ ಹೆರೆದು, ಮತ್ತೆ ಒಣಗಿಸಬೇಕು.

ಬೇರು ಹಿಡಿದ ಮರಿಯನ್ನು ಕುಂಡಕ್ಕೆ ಬದಲಿಸುವಾಗ ಮಣ್ಣಿನ ಮೇಲ್ಪದರದಲ್ಲಿ ಹವಳದಂತೆ ಕವಲೊಡೆದ ಬೇರಿನ ಗಂಟುಗಳು ಕಾಣಬಹುದು. ರೋಗವೆಂದು ಕತ್ತರಿಸಬೇಡಿ. ಅವುಗಳೊಳಗಿನ ಸಯನೋಬ್ಯಾಕ್ಟೀರಿಯಾ ಅನ್ನುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಹಾಗೇ ಬಿಟ್ಟು ನೆಡುತ್ತೇನೆ.